ಚೀಲ ನಮ್ಮದು, ಹೊಲಿಗೆ ನಮ್ಮದು, ಲಾಭ ಯಾರದು?

ಪ್ಲಾಸ್ಟಿಕ್ ಕಸದಿಂದ ಬಗಲಚೀಲ, ಪರ್ಸು, ಸೊಂಟಪಟ್ಟಿ, ಕಿವಿಯೋಲೆ ಮೊದಲಾದ ಶೋಕಿ ಸಾಮಾನುಗಳನ್ನು ಮಾಡಿ ಮಾರುವ ಸಣ್ಣ ಉದ್ಯೋಗವೊಂದನ್ನು ನಮ್ಮ ಚಂದಾಪುರದಲ್ಲಿ ಆರಂಭಿಸಬಹುದೇ? ಆರಂಭಿಸಬಹುದು ಎಂಬುದೇ ನಮ್ಮ ಉತ್ತರ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯನ್ನು ಕೇಳದೆ ಬಿಡಲಾಗದು: ಯಾರಿಗಾಗಿ ಆರಂಭಿಸುವುದು? ಕಸ ಆಯುವವಳು ಆಯುತ್ತಲೇ ಇರಲಿ, ಹೊಲಿಯುವವಳು ಹೊಲಿಯುತ್ತಲೇ ಇರಲಿ, ಹೆಸರೂ ಲಾಭವೂ ಮೂರನೆಯವನಿಗೆ ಸೇರಲಿ ಎನ್ನುವುದಾದರೆ ಅಂಥ ಉದ್ಯೋಗಗಳು ನಾಡಿನಲ್ಲಿ ಬೇಕಾದಷ್ಟಿವೆ. ಇನ್ನೊಂದರ ಅವಶ್ಯಕತೆ ಇಲ್ಲ. ದುಡಿಯುವವರೇ ಒಡೆಯರಾಗುವ ಹಾಗೆ ಕಟ್ಟುವುದಾದರೆ ಮಾತ್ರ ಈ ಕೆಲಸಕ್ಕೆ ಅರ್ಥವುಂಟು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ದಂಡ ಕಟ್ಟುವವರು ಯಾರು?

ಕರ್ನಾಟಕ ಸರ್ಕಾರವು ೨೦೧೬ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಿತು. ಅದೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ತುಂಬಕೂಡದೆಂದು ಆ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಬಿಸಾಡುವ ಚಮಚ, ಲೋಟ, ತಟ್ಟೆ, ಕೊಳವೆಗಳು ದೇಶದಾದ್ಯಂತ ನಿಷಿದ್ಧವಾದವು. ಅದೇ ವರ್ಷದ ಡಿಸೆಂಬರ್ ೩೧ರಿಂದ ೧೨೦ ಮೈಕ್ರಾನಿಗಿಂತ ತೆಳುವಾದ ಕ್ಯಾರಿಬ್ಯಾಗುಗಳಿಗೂ ಅವಕಾಶವಿಲ್ಲದಾಯಿತು.

ಇಷ್ಟೆಲ್ಲ ಕಾನೂನುಗಳಿದ್ದೂ ಚರಂಡಿ ತುಂಬಿರುವುದು ಯಾವುದರಿಂದ? ಮೊದಲ ಮಳೆಗೆ ಮುಲ್ಲಾಮಾರಿ ಹೊಳೆಯ ಕಡೆಗೆ ಹರಿದು ಹೋಗುವುದು ಯಾವುದು? ಅಧಿಕಾರಿಗಳ ತಪಾಸಣೆ ನಡೆದಾಗ ದಂಡ ತೆರುವವನು ಕಿರಾಣಿ ಅಂಗಡಿಯವನು, ತಳ್ಳುಗಾಡಿಯ ಕಾಯಿಪಲ್ಲೆಯವಳು. ಚೀಲವನ್ನು ಟನ್ನುಗಟ್ಟಲೆ ತಯಾರಿಸಿ ಲಾರಿಯಲ್ಲಿ ಕಳಿಸಿದವನು ಆ ತಪಾಸಣೆಯ ಕಣ್ಣಿಗೆ ಬೀಳುವುದಿಲ್ಲ. ತಯಾರಕರೇ ತಮ್ಮ ಪ್ಲಾಸ್ಟಿಕ್ಕಿಗೆ ಹೊಣೆಯಾಗಬೇಕೆಂಬ ವಿಸ್ತೃತ ಹೊಣೆಗಾರಿಕೆಯ ವಿವರವಾದ ನಿಯಮ ೨೦೨೨ರ ಫೆಬ್ರವರಿಯಲ್ಲಿ ಬಂದಿದೆ ನಿಜ. ಅದರಂತೆ ಕಂಪನಿಗಳು ಕಸ ಸಂಸ್ಕರಿಸಿದ ಪ್ರಮಾಣಪತ್ರಗಳನ್ನು ಕೊಳ್ಳಬಹುದು. ಆದರೆ ಆ ಪ್ರಮಾಣಪತ್ರ ಹುಟ್ಟುವುದು ನೋಂದಾಯಿತ ಸಂಸ್ಕರಣಾ ಘಟಕಗಳ ಹೆಸರಿನಲ್ಲಿ. ಬೆಳಗಿನ ಜಾವ ಎದ್ದು ತಿಪ್ಪೆ ಕೆದಕಿ ಚೀಲ ತುಂಬಿದವಳ ಹೆಸರು ಅದರಲ್ಲಿ ಇರುವುದಿಲ್ಲ.

ಆದುದರಿಂದ ಮೊದಲೇ ಹೇಳಿಬಿಡಬೇಕಾದ ಮಾತೆಂದರೆ, ನಾಲ್ಕು ಹೆಂಗಸರು ಪರ್ಸು ಹೊಲಿದ ಮಾತ್ರಕ್ಕೆ ಪ್ಲಾಸ್ಟಿಕ್ಕಿನ ಸಮಸ್ಯೆ ತೀರುವುದಿಲ್ಲ. ಕಸ ಮಾಡಿದವರ ಹೊಣೆ ಹೊಲಿಯುವವರ ತಲೆಗೆ ಬರಕೂಡದು. ಈ ಉದ್ಯೋಗವನ್ನು ನಾವು ನೋಡಬೇಕಾದುದು ಅನ್ನದ ದಾರಿಯೆಂದು. ಊರು ಚೊಕ್ಕಟವಾಗುವುದು ಅದರ ಜೊತೆಗೆ ಬರುವ ಲಾಭ.

ಹೊಸ ಹೆಸರು, ಹಳೆಯ ಕಸುಬು

ಹಳೆಯದನ್ನು ಹೆಚ್ಚಿನ ಬೆಲೆಯ ಹೊಸದಾಗಿ ಮಾಡುವ ಈ ವಿದ್ಯೆಗೆ ಪೇಟೆಯವರು ಈಗ 'ಅಪ್‌ಸೈಕ್ಲಿಂಗ್' ಎಂಬ ಹೆಸರಿಟ್ಟಿದ್ದಾರೆ. ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹರಿದ ಸೀರೆ, ಹಳೆಯ ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿದವರು ಅವರು. ನಮ್ಮ ತಾಲ್ಲೂಕಿನ ತಾಂಡಾಗಳ ಲಂಬಾಣಿ ಅವ್ವಂದಿರು ತುಂಡು ಬಟ್ಟೆ, ಕನ್ನಡಿ, ಕವಡೆಗಳನ್ನು ಕೂಡಿಸಿ ಮಾಡಿದ ಕಸೂತಿಯನ್ನು ಇಂದು ಪಟ್ಟಣದವರು ಹುಡುಕಿಕೊಂಡು ಬರುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇನ್ನೂ ಹಿಂದಕ್ಕೆ ಹೋದರೆ, ಕೆರೆಯ ದಂಡೆಯಲ್ಲಿ ತಾನಾಗಿ ಬೆಳೆದ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಲ್ಲಿ ದಾಸೋಹ ನಡೆಸಿದ ನುಲಿಯ ಚಂದಯ್ಯ ನಮ್ಮವನೇ. ಬೆಲೆಯಿಲ್ಲದ ವಸ್ತುವಿಗೆ ಬೆಲೆ ತರುವುದು ಕೈಯ ದುಡಿಮೆ ಎಂಬ ಅರ್ಥಶಾಸ್ತ್ರವನ್ನು ಕಲ್ಯಾಣದ ಶರಣರು ೧೨ನೆಯ ಶತಮಾನದಲ್ಲಿಯೇ ಬಾಳಿ ತೋರಿಸಿದ್ದಾರೆ.

ಹೊರಗಿನ ಲೋಕವನ್ನೂ ನೋಡೋಣ. ಸ್ವಿಟ್ಜರ್ಲೆಂಡಿನ ಜೂರಿಕ್ ಪಟ್ಟಣದಲ್ಲಿ ೧೯೯೩ರಲ್ಲಿ ಫ್ರೈಟಾಗ್ ಎಂಬ ಅಣ್ಣತಮ್ಮಂದಿರಿಬ್ಬರು ಲಾರಿಗಳ ಹಳೆಯ ತಾಡಪತ್ರಿಯನ್ನು ಕತ್ತರಿಸಿ, ಸೈಕಲ್ಲಿನ ಟ್ಯೂಬು ಮತ್ತು ಕಾರಿನ ಬೆಲ್ಟು ಸೇರಿಸಿ ಬಗಲಚೀಲ ಹೊಲಿದರು. ಇಂದು ಅವರ ಚೀಲಗಳು ಬೇರೆ ಬೇರೆ ದೇಶಗಳಲ್ಲಿ ದುಬಾರಿ ಬೆಲೆಗೆ ಹೋಗುತ್ತವೆ. ದಿಲ್ಲಿಯಲ್ಲಿ ೧೯೯೮ರಲ್ಲಿ ಅನಿತಾ ಅಹುಜಾ ಅವರು ಆರಂಭಿಸಿದ 'ಕನ್ಸರ್ವ್ ಇಂಡಿಯಾ' ಸಂಸ್ಥೆಯು ಕಸದ ಪ್ಲಾಸ್ಟಿಕ್ ಚೀಲಗಳನ್ನು ತೊಳೆದು, ಪದರ ಪದರವಾಗಿ ಒತ್ತಿ ಹಾಳೆ ಮಾಡಿ, ಅದರಿಂದ ಕೈಚೀಲಗಳನ್ನು ತಯಾರಿಸಿ ಹೊರದೇಶಗಳಿಗೂ ಕಳಿಸಿತು.

ಫ್ರೈಟಾಗ್ ಸಹೋದರರು ಚೀಲ ಹೊಲಿದ ಆ ೧೯೯೩ರಲ್ಲಿಯೇ ಪುಣೆಯಲ್ಲಿ ಬೇರೊಂದು ಕೆಲಸ ನಡೆಯಿತು. ಕಾಗದ, ಗಾಜು, ಚಿಂದಿ ಆಯುವವರು ಕೂಡಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ತಮ್ಮದೇ ಸಂಘ ಕಟ್ಟಿದರು. ಮುಂದೆ ಅದರಿಂದಲೇ 'ಸ್ವಚ್ಛ್' ಎಂಬ ಸಹಕಾರಿ ಸಂಸ್ಥೆ ಹುಟ್ಟಿ, ೨೦೦೮ರಲ್ಲಿ ಮಹಾನಗರಪಾಲಿಕೆಯೊಡನೆ ಕರಾರು ಮಾಡಿಕೊಂಡಿತು. ಬೆಂಗಳೂರಿನಲ್ಲಿ 'ಹಸಿರು ದಳ' ಸಂಸ್ಥೆಯು ಚಿಂದಿ ಆಯುವವರ ಜೊತೆ ನಿಂತು ಅವರಿಗೆ ಪಾಲಿಕೆಯ ಗುರುತಿನ ಚೀಟಿ ದೊರೆಯಲು ದುಡಿಯಿತು. ಜೂರಿಕ್ಕಿನವರು ಕಸಕ್ಕೆ ಬೆಲೆ ತಂದರು, ಪುಣೆಯವರು ಕಸ ಆಯುವ ಕೈಗೆ ಬೆಲೆ ತಂದರು. ನಮಗೆ ಈ ಎರಡು ವಿದ್ಯೆಗಳೂ ಬೇಕು.

ನಮ್ಮ ನೆಲದ ಕಸ ಯಾವುದು?

ಪ್ಲಾಸ್ಟಿಕ್ ಎಂಬುದು ಒಂದೇ ಜಾತಿಯಲ್ಲ. ನೀರಿನ ಬಾಟಲಿಯದು ಒಂದು ಬಗೆ, ಹಾಲಿನ ಪಾಕೀಟಿನದು ಇನ್ನೊಂದು, ಕೊಳವೆಯ ಪೈಪಿನದು ಮತ್ತೊಂದು. ಚಿಪ್ಸಿನ ಪಾಕೀಟಿನಲ್ಲಿ ಹಲವು ಪದರಗಳು ಅಂಟಿಕೊಂಡಿರುವುದರಿಂದ ಭಂಗಾರದ ಅಂಗಡಿಯವನೂ ಅದನ್ನು ಕೈಯಲ್ಲಿ ಮುಟ್ಟುವುದಿಲ್ಲ. ಇವನ್ನೆಲ್ಲ ಮನೆಯಲ್ಲಿ ಕರಗಿಸಿ ಬಳೆ, ಓಲೆ ಮಾಡಲು ಹೊರಡುವುದು ಅಪಾಯದ ಹಾದಿ. ಮುಖ್ಯವಾಗಿ ಪಿವಿಸಿ ಎಂಬ ಪೈಪಿನ ಪ್ಲಾಸ್ಟಿಕ್ ಕಾದಾಗ ಹೊರಡುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ, ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಗಾಳಿಯಾಡದ ಒಂದು ಕೋಣೆಯಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತು ಮಾಡತಕ್ಕ ಕೆಲಸ ಅದಲ್ಲ.

ನಮ್ಮ ಕಣ್ಣ ಮುಂದೆ ಇರುವ ಕಸ ಬೇರೆಯೇ ಇದೆ. ಅದು ಸಿಮೆಂಟಿನ ಚೀಲ. ವಾಡಿ, ಸೇಡಂ, ಮಳಖೇಡ, ನಮ್ಮದೇ ತಾಲ್ಲೂಕಿನ ಛತ್ರಸಾಲಾ, ಹೀಗೆ ಸುಣ್ಣಕಲ್ಲಿನ ಈ ಸೀಮೆಯ ತುಂಬ ಸಿಮೆಂಟ್ ಕಾರ್ಖಾನೆಗಳಿವೆ. ಒಂದು ಚೀಲದಲ್ಲಿ ಹಿಡಿಯುವುದು ೫೦ ಕಿಲೋ. ಅಂದರೆ ಒಂದು ಟನ್ ಸಿಮೆಂಟಿಗೆ ೨೦ ಚೀಲ. ಹತ್ತು ಲಕ್ಷ ಟನ್ ಸಿಮೆಂಟ್ ಚೀಲದಲ್ಲಿ ಹೋದರೆ ಎರಡು ಕೋಟಿ ಚೀಲಗಳಾದವು. ಈ ಚೀಲಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಒಂದೇ ಬಗೆಯ ಪ್ಲಾಸ್ಟಿಕ್ಕಿನ ಎಳೆಗಳಿಂದ ನೇಯ್ದವು. ಕರಗಿಸದೆ, ಕತ್ತರಿಸಿ ಹೊಲಿಯಬಹುದು. ೫೦ ಕಿಲೋ ಹೊತ್ತ ಬಟ್ಟೆಯು ಎರಡು ಕಿಲೋ ಪುಸ್ತಕವನ್ನೋ ಮಧ್ಯಾಹ್ನದ ಬುತ್ತಿಯನ್ನೋ ಹೊರಲಾರದೆ? ಕಲಬುರಗಿಯ ಬೇಳೆ ಮಿಲ್ಲುಗಳ ಚೀಲಗಳೂ ಬಹುಮಟ್ಟಿಗೆ ಇದೇ ಜಾತಿಯವು.

ಇದರ ಅರ್ಥಶಾಸ್ತ್ರವನ್ನೂ ಗಮನಿಸಿರಿ. ಒಂದು ಖಾಲಿ ಚೀಲ ನೂರು ಗ್ರಾಮಿಗಿಂತ ಕಡಿಮೆ ತೂಗುತ್ತದೆ. ಭಂಗಾರದವನ ತಕ್ಕಡಿಯಲ್ಲಿ ಒಂದು ಕಿಲೋ ಆಗಬೇಕಾದರೆ ಹತ್ತಕ್ಕಿಂತ ಹೆಚ್ಚು ಚೀಲ ಬೇಕು. ತೂಕದಿಂದ ಮಾರಿದರೆ ಅದಕ್ಕೆ ಕವಡೆಯ ಬೆಲೆ, ಹೊಲಿದು ಮಾರಿದರೆ ನಗದ ಬೆಲೆ. ಈ ಎರಡರ ನಡುವಣ ವ್ಯತ್ಯಾಸವೆಲ್ಲ ಹೊಲಿಗೆಯವಳ ಕೈಯಿಂದ ಬಂದುದು. ಇದನ್ನು ನೆನಪಿನಲ್ಲಿಡಿರಿ, ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಕೆಲಸದ ರೀತಿ

ಚೀಲವನ್ನು ಗೌಂಡಿಗಳಿಂದಲೂ ಮನೆ ಕಟ್ಟಿಸುವವರಿಂದಲೂ ಕೂಡಲೇ ಪಡೆಯಬೇಕು. ತಿಂಗಳುಗಟ್ಟಲೆ ಬಿಸಿಲಿಗೆ ಬಿದ್ದ ಚೀಲದ ಎಳೆಗಳು ಜಳ್ಳಾಗಿ ಕೈಯಲ್ಲಿಯೇ ಪುಡಿಯಾಗುತ್ತವೆ, ಅಂಥವು ಬೇಡ. ಮೊದಲು ಬಯಲಿನಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಚೀಲವನ್ನು ಒಣಗಿದಂತೆಯೇ ಝಾಡಿಸಬೇಕು. ಆಮೇಲೆ ಎರಡು ಸಲ ತೊಳೆಯಬೇಕು. ಒದ್ದೆ ಸಿಮೆಂಟು ಚರ್ಮವನ್ನು ಸುಡುತ್ತದೆ, ಅದರಲ್ಲಿನ ಕ್ರೋಮಿಯಂನಿಂದ ಗಜ್ಜಿಯಂಥ ಹುಣ್ಣು ಏಳುತ್ತದೆ ಎಂಬುದು ಗೌಂಡಿ ಕೆಲಸದವರಿಗೆಲ್ಲ ಗೊತ್ತು. ಆದುದರಿಂದ ಕೈಗೆ ರಬ್ಬರಿನ ಚೀಲ, ಮೂಗಿಗೆ ಬಟ್ಟೆ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಕೂರಿಸಕೂಡದು. ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಗಸಿಯನ್ನು ಬೇರ್ಪಡಿಸಬೇಕು. ಚರಂಡಿಗೆ ಬಿಟ್ಟರೆ ಅಲ್ಲಿಯೇ ಗಟ್ಟಿಯಾಗುತ್ತದೆ.

ಕತ್ತರಿಯಿಂದ ಕತ್ತರಿಸಿದರೆ ಅಂಚಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ಕಾಯಿಸಿದ ಅಲಗಿನಿಂದ ಕತ್ತರಿಸಿದರೆ ಅಂಚು ತಾನೇ ಅಂಟಿಕೊಳ್ಳುತ್ತದೆ. ಆದರೆ ಕಿಟಕಿ ತೆರೆದಿರಬೇಕು. ದಪ್ಪ ಸೂಜಿ, ಪಾಲಿಯೆಸ್ಟರ್ ದಾರ, ಒಳಗೆ ಬಟ್ಟೆಯ ಅಸ್ತರ, ಗಟ್ಟಿ ಚೈನು ಇಷ್ಟು ಬೇಕು. ಅಸ್ತರಕ್ಕೆ ದರ್ಜಿ ಅಂಗಡಿಗಳ ತುಂಡು ಬಟ್ಟೆ ಸಾಕು. ಅಂಚಿಗೆ ಕೌದಿಯ ಹೊಲಿಗೆ, ಮುಚ್ಚಳಕ್ಕೆ ಲಂಬಾಣಿ ಕಸೂತಿಯ ಒಂದು ಪಟ್ಟಿ ಸೇರಿದರೆ ಆ ಚೀಲ ಚಂದಾಪುರದ್ದೆಂದು ಎಲ್ಲಿ ನೋಡಿದರೂ ಗುರುತಾಗುತ್ತದೆ. ಕಂಪನಿಯ ಹೆಸರು ಅಚ್ಚಾದ ಮಗ್ಗುಲನ್ನು ಒಳಕ್ಕೆ ಹಾಕುವುದು ಮೇಲು. ತಕರಾರೂ ಇಲ್ಲ, ಅವರಿಗೆ ಪುಕ್ಕಟೆ ಜಾಹೀರಾತೂ ಇಲ್ಲ.

ಲೆಕ್ಕವನ್ನು ಬಯಲಿನಲ್ಲಿ ಇಡಿರಿ

ಮಾಸ್ತರಿಕೆ ಮಾಡಿದವನಾದುದರಿಂದ ಲೆಕ್ಕವಿಲ್ಲದ ಮಾತು ನನಗೆ ರುಚಿಸುವುದಿಲ್ಲ. ಉದಾಹರಣೆಗಾಗಿ ಹೀಗೆ ಹಿಡಿಯೋಣ: ಒಂದು ಬಗಲಚೀಲದ ಬೆಲೆ ೨೫೦ ರೂಪಾಯಿ. ಒಬ್ಬಾಕೆ ದಿನಕ್ಕೆ ಐದು ಹೊಲಿಯುತ್ತಾಳೆ, ಆಕೆಗೆ ದಿನದ ಕೂಲಿ ೫೦೦ ಬರಬೇಕು. ಆಗ ಒಂದು ಚೀಲಕ್ಕೆ ಹೊಲಿಗೆಯ ಕೂಲಿ ೧೦೦; ಖಾಲಿ ಚೀಲಕ್ಕೂ ತೊಳೆಯುವುದಕ್ಕೂ ೧೦; ಅಸ್ತರ, ಚೈನು, ದಾರ, ಪಟ್ಟಿಗೆ ೫೫; ಬಾಡಿಗೆ, ವಿದ್ಯುತ್ತು, ಯಂತ್ರದ ಸವೆತಕ್ಕೆ ೧೫; ಕೆಟ್ಟುಹೋದ ಮಾಲಿಗೆ ೧೦; ಮಾರುವ ಅಂಗಡಿಯವರ ಪಾಲು ೪೦; ಸಂಘದ ನಿಧಿಗೆ ೨೦. ಕೂಡಿಸಿದರೆ ೨೫೦ ಆಯಿತು. ಅಂಗಡಿಯವರಿಗೂ ನ್ಯಾಯ, ದುಡಿದವರಿಗೂ ನ್ಯಾಯ.

ಇದೇ ಕೆಲಸವನ್ನು ಒಬ್ಬ ಗುತ್ತೇದಾರ ಹಿಡಿದನೆನ್ನಿ. ಮನೆಮನೆಗೆ ಕತ್ತರಿಸಿದ ತುಂಡು ಕೊಟ್ಟು, ಚೀಲಕ್ಕೆ ೩೦ ರೂಪಾಯಿಯಂತೆ ಹೊಲಿಸಿಕೊಳ್ಳುತ್ತಾನೆ. ಬೆಲೆ ಅದೇ ೨೫೦. ಒಂದು ಚೀಲದಲ್ಲಿ ಹೊಲಿದವಳ ಕೂಲಿಯಿಂದ ೭೦ ರೂಪಾಯಿ ಅವನ ಜೇಬಿಗೆ ಇಳಿಯಿತು. ಐದು ಚೀಲಕ್ಕೆ ೩೫೦, ಹತ್ತು ಹೆಂಗಸರಿಂದ ದಿನಕ್ಕೆ ೩,೫೦೦, ತಿಂಗಳಿಗೆ ೨೫ ದಿನವಾದರೆ ೮೭,೫೦೦ ರೂಪಾಯಿ. ಸೂಜಿ ಮುಟ್ಟದವನಿಗೆ ಇಷ್ಟು ಸೇರಿತು. ಹೊಲಿದವಳಿಗೆ ದಿನಕ್ಕೆ ೧೫೦!

ಇದು ಬರಿಯ ಊಹೆಯೆಂದು ತಳ್ಳಿಹಾಕಬೇಡಿರಿ. ಮನೆಯಲ್ಲಿ ಕುಳಿತು ಬೀಡಿ ಸುತ್ತಿದ ಹೆಂಗಸರ ಕಥೆ ಕರ್ನಾಟಕದಲ್ಲಿ ಯಾರಿಗೆ ಗೊತ್ತಿಲ್ಲ? ಎಲೆ, ತಂಬಾಕು ಕೊಟ್ಟ ಗುತ್ತೇದಾರ, ಸುತ್ತಿ ತಂದ ಬೀಡಿಯಲ್ಲಿ ಹಿಡಿಗಟ್ಟಲೆ ಕೆಟ್ಟದ್ದೆಂದು ಬದಿಗೆ ಹಾಕಿ ಕೂಲಿ ಮುರಿಯುತ್ತಿದ್ದ. ಮನೆಯಲ್ಲಿ ದುಡಿಯುವವಳೂ ಕಾರ್ಮಿಕಳೇ ಎಂದು ಒಪ್ಪಿಸುವುದಕ್ಕೆ ೧೯೬೬ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಬೀಡಿಯ ಬದಲು ಫ್ಯಾಷನ್ ಚೀಲ ಬಂದ ಮಾತ್ರಕ್ಕೆ ಗುತ್ತೇದಾರನ ಗುಣ ಬದಲಾಗುವುದಿಲ್ಲ.

ಕೂಡಿ ಕಟ್ಟುವ ದಾರಿ

ಹಾಗಾದರೆ ಮಾಡಬೇಕಾದುದೇನು? ಹತ್ತು ಹದಿನೈದು ಮಂದಿ ಕೂಡಿ ಸ್ವಸಹಾಯ ಗುಂಪಾಗಿ ಆರಂಭಿಸುವುದು, ಕೆಲಸ ನಿಂತ ಮೇಲೆ ಸಹಕಾರಿ ಸಂಘವಾಗಿ ನೋಂದಾಯಿಸುವುದು. ಸಹಕಾರದ ಮಾತು ನಮಗೆ ಹೊರಗಿನದಲ್ಲ. ೧೯೦೪ರ ಕಾನೂನಿನಂತೆ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ೧೯೦೫ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ಆದರೆ ಸಂಘವೆಂಬ ಹೆಸರಿದ್ದು, ಪುಸ್ತಕ ಒಬ್ಬರ ಟ್ರಂಕಿನಲ್ಲಿ, ಚೆಕ್ಕು ಇನ್ನೊಬ್ಬರ ಗಂಡನ ಜೇಬಿನಲ್ಲಿ ಇದ್ದರೆ ಅದು ಸಹಕಾರವಲ್ಲ. ಪ್ರತಿ ವಾರ ಎಲ್ಲರೂ ಕುಳಿತಾಗ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು. ಓದು ಬಾರದ ಸದಸ್ಯೆಗೂ ತನ್ನ ಪಾಲು ಎಷ್ಟೆಂದು ತಿಳಿದಿರಬೇಕು. ಕಸ ಆಯ್ದು ತರುವವರೂ ಸದಸ್ಯರಾಗಿರಬೇಕು. ಹೊಲಿಯುವವರು ಮೇಲು, ಆಯುವವರು ಕೀಳು ಎಂಬ ಹಳೆಯ ರೋಗ ಹೊಸ ಸಂಘಕ್ಕೆ ಅಂಟಿದರೆ ಅದು ಕಟ್ಟಿದ ದಿನವೇ ಒಡೆದಂತೆ.

ಬಂಡವಾಳ? ಎರಡು ಮೂರು ಹೊಲಿಗೆ ಯಂತ್ರ, ಒಂದು ಬಾಡಿಗೆ ಕೋಣೆ, ನೀರು ಇಷ್ಟರಿಂದ ಆರಂಭ. ೨೦೧೫ರಲ್ಲಿ ಬಂದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ ೫೦,೦೦೦ ರೂಪಾಯಿವರೆಗೆ ಅಡವಿಲ್ಲದ ಸಾಲವುಂಟು. ೨೦೦೮ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದ ನಿಯಮದಂತೆ ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಪಟ್ಟಣದಲ್ಲಿ ಶೇಕಡ ೨೫, ಹಳ್ಳಿಯಲ್ಲಿ ಶೇಕಡ ೩೫ ಸಹಾಯಧನವೆಂದು ಗೊತ್ತುಮಾಡಿದ್ದಾರೆ. ಅರ್ಜಿ ಬರೆಯುವ ಮುನ್ನ ಆ ವರ್ಷದ ನಿಯಮವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿರಿ. ೨೦೨೦ರಲ್ಲಿ ಬಂದ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ. ಅದಕ್ಕೆ ಹಣ ಕೇಳುವವನು ಸರ್ಕಾರದವನಲ್ಲ, ದಲ್ಲಾಳಿ. ರಾಜ್ಯದೊಳಗೇ ಮಾರುತ್ತ ವರ್ಷದ ವಹಿವಾಟು ೪೦ ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿಯ ಭಯವೂ ಬೇಡ.

ಮಾರುವುದೆಲ್ಲಿ? ಮೊದಲು ನಮ್ಮ ಊರಲ್ಲಿ. ಶಾಲೆಯ ಮಕ್ಕಳ ಪಾಟಿಚೀಲ, ಕಾರ್ಖಾನೆಗೆ ಹೋಗುವವನ ಬುತ್ತಿಯ ಚೀಲ, ಸಂತೆಯ ಚೀಲ, ಇವು ವರ್ಷವಿಡೀ ಬೇಕಾದ ಮಾಲು. ಫ್ಯಾಷನ್ನಿನ ಪರ್ಸು, ಬಗಲಚೀಲಗಳನ್ನು ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ, ಬಂದೇನವಾಜರ ಉರುಸಿಗೆ ಒಯ್ಯಬಹುದು. ಹೈದರಾಬಾದಿನ ಪೇಟೆಯೂ ನಮಗೆ ದೂರವಲ್ಲ. ಆದರೆ ಬೇರೆ ರಾಜ್ಯಕ್ಕೆ ಮಾಲು ಕಳಿಸುವ ಮುನ್ನ ತೆರಿಗೆಯ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಶೋಕಿಯ ಗಿರಾಕಿ ಇಂದು ಬಂದು ನಾಳೆ ಹೋಗಬಹುದು, ಬುತ್ತಿಯ ಗಿರಾಕಿ ಹೋಗುವುದಿಲ್ಲ. ಆದುದರಿಂದ ಬುತ್ತಿಯ ಚೀಲದ ಮೇಲೆ ಸಂಘ ನಿಲ್ಲಲಿ, ಶೋಕಿಯ ಚೀಲದಿಂದ ಬೆಳೆಯಲಿ.

ಕಾರ್ಮಿಕರೂ ವರ್ತಕರೂ ಮಾಡತಕ್ಕದ್ದು

ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕ ಬಂಧುಗಳೇ, ಚೀಲ ತುಂಬುವ ವಿಭಾಗದಲ್ಲಿ ಒಡೆದ, ಹರಿದ ಚೀಲಗಳು ಬೀಳುವುದನ್ನು ನೀವು ದಿನವೂ ನೋಡುತ್ತೀರಿ. ಅವು ಭಂಗಾರದ ಗುತ್ತೇದಾರನಿಗೇ ಹೋಗಬೇಕೆಂಬ ಶಾಸನವೇನೂ ಇಲ್ಲ. ಅದರ ಒಂದು ಭಾಗ ಸುತ್ತಲ ಹಳ್ಳಿ, ತಾಂಡಾಗಳ ಹೆಣ್ಣುಮಕ್ಕಳ ಸಂಘಗಳಿಗೆ ನಿಗದಿತ ದರದಲ್ಲಿ ದೊರೆಯಬೇಕೆಂದು ನಿಮ್ಮ ಯೂನಿಯನ್ನಿನ ಬೇಡಿಕೆಪಟ್ಟಿಯಲ್ಲಿ ಒಂದು ಸಾಲು ಸೇರಿಸಿರಿ. ಸುಮಾರು ೧,೪೫೦ ಡಿಗ್ರಿ ಕಾವಿನ ಸಿಮೆಂಟ್ ಗೂಡುಗಳಲ್ಲಿ ಪ್ಲಾಸ್ಟಿಕ್ ಕಸವನ್ನು ಉರುವಲಾಗಿ ಸುಡುವ ಪದ್ಧತಿ ದೇಶದಲ್ಲಿ ನಡೆದಿದೆ. ಬೇರಾವ ಉಪಯೋಗಕ್ಕೂ ಬಾರದ ಚಿಪ್ಸಿನ ಪಾಕೀಟು ಅಲ್ಲಿಗೆ ಹೋದರೆ ಹೋಗಲಿ. ಒಂದು ಮನೆಯ ಒಲೆ ಉರಿಸಬಲ್ಲ ಚೀಲ ಕಾರ್ಖಾನೆಯ ಒಲೆಗೆ ಹೋಗುವುದು ಯಾವ ನ್ಯಾಯ?

ಸಣ್ಣ ವರ್ತಕರೇ, ಚೀಲವಿಲ್ಲದೆ ಬರುವ ಗಿರಾಕಿಗೆ ಈ ಸಂಘದ ಚೀಲವನ್ನು ಒತ್ತೆ ಹಣ ಹಿಡಿದು ಕೊಡಿರಿ, ಮರಳಿ ತಂದಾಗ ಹಣ ಹಿಂದಿರುಗಿಸಿರಿ. ದಂಡದ ಕಾಟವೂ ತಪ್ಪುವುದು, ದಿನವೂ ಕ್ಯಾರಿಬ್ಯಾಗು ಕೊಳ್ಳುವ ಖರ್ಚೂ ಉಳಿಯುವುದು. ಹರಿದು ಹಾಳಾದ ಚೀಲವನ್ನು ಸಂಘವೇ ಹಿಂದಕ್ಕೆ ಪಡೆಯುವ ಏರ್ಪಾಡಿರಬೇಕು. ಇಲ್ಲವಾದರೆ ಇಂದಿನ ಫ್ಯಾಷನ್ನು ನಾಳಿನ ತಿಪ್ಪೆ.

ಚಿಂಚೋಳಿ ಪುರಸಭೆಯ ಮುಂದೆಯೂ ಮೂರು ಬೇಡಿಕೆಗಳಿವೆ. ಕಸ ಆಯುವವರ ಗುಂಪುಗಳನ್ನು ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂದು ೨೦೧೬ರ ನಿಯಮಗಳೇ ಹೇಳುತ್ತವೆ. ಚಂದಾಪುರದಲ್ಲಿ ಅದು ಜಾರಿಗೆ ಬರಲಿ. ಚೀಲ ಕೂಡಿಡಲು, ತೊಳೆಯಲು ನೀರಿನ ಸೌಕರ್ಯವುಳ್ಳ ಒಂದು ಜಾಗ ಕಡಿಮೆ ಬಾಡಿಗೆಗೆ ದೊರೆಯಲಿ. ಸಭೆ ಸಮಾರಂಭಗಳಲ್ಲಿ ಹಂಚುವ ಚೀಲಗಳನ್ನು ಊರ ಸಂಘದಿಂದಲೇ ಕೊಳ್ಳಲಿ. ಎಂಟು ದಿನದ ತರಬೇತಿ ಕೊಟ್ಟು, ಪ್ರಮಾಣಪತ್ರ ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಹೋಗುವುದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ತರಬೇತಿಗಿಂತ ನೂರು ಚೀಲದ ಒಂದು ಆರ್ಡರು ಮೇಲು.

ಸುಗ್ಗಿ ಮುಗಿಯುತ್ತಲೇ ನಮ್ಮ ತಾಂಡಾಗಳ ಜನ ಗಂಟುಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದುಗಳ ದಾರಿ ಹಿಡಿಯುತ್ತಾರೆ, ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಒಂದು ಚೀಲದ ಸಂಘ ಈ ವಲಸೆಯನ್ನೆಲ್ಲ ತಡೆದೀತೆಂದು ನಾವು ಹೇಳುವುದಿಲ್ಲ. ಹದಿನೈದು ಮನೆಗಳವರು ಊರಲ್ಲಿಯೇ ಉಳಿದರೆ ಹದಿನೈದು ಮನೆಗಳ ಮಕ್ಕಳು ವರ್ಷವಿಡೀ ಶಾಲೆಯಲ್ಲಿ ಕೂಡುತ್ತಾರೆ, ಅಷ್ಟಂತೂ ಖಂಡಿತ. ಆರಂಭಿಸಲು ಮನಸ್ಸುಳ್ಳವರು ಈ ವಾರವೇ ಹತ್ತು ಜನರನ್ನು ಕೂಡಿಸಿರಿ, ನೂರು ಚೀಲ ಸಂಗ್ರಹಿಸಿರಿ. ಮೊದಲನೆಯ ಚೀಲ ಹೊಲಿಯುವ ಮುನ್ನ ಒಂದು ಲೆಕ್ಕದ ಪುಸ್ತಕ ತನ್ನಿರಿ, ಅದರ ಮೊದಲ ಪುಟದಲ್ಲಿ ಹೊಲಿಯುವವಳ ಪಾಲು, ಆಯುವವಳ ಪಾಲು ಎಷ್ಟೆಂದು ಬರೆಯಿರಿ. ಉಳಿದ ಪುಟಗಳನ್ನು ಆಮೇಲೆ ತುಂಬಿಸೋಣ.